ಗುಂಡಿ ಮೊಬೈಲಿನಲ್ಲಿ ಕಾಣುತ್ತದೆ, ಬಾಂದುಕಲ್ಲು ಎಲ್ಲಿದೆ?

ಇಳಕಲ್ ತಾಲ್ಲೂಕಿನ ಒಂದು ಹಳ್ಳಿಯ ಹೊರಗೆ, ಕೆಲಸ ನಿಂತುಹೋದ ಗ್ರಾನೈಟ್ ಖಣಿಯ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ, ನಿಂತ ನೆಲದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದೆ. ನೀಲಿ ಚುಕ್ಕೆ ಒಂದು ಸರ್ವೆ ನಂಬರಿನೊಳಗೆ ಕೂತಿತು. ಮೂರು ಹೆಜ್ಜೆ ಬಲಕ್ಕೆ ಸರಿದೆ. ಪಕ್ಕದ ನಂಬರು ಬಂತು. ಎಡಕ್ಕೆ ಮರಳಿದರೂ ಪಕ್ಕದ ನಂಬರೇ ಇತ್ತು. ಕದಲದೆ ಅರ್ಧ ನಿಮಿಷ ಕಾದೆ. ಚುಕ್ಕೆ ತಾನಾಗಿಯೇ ಮೊದಲಿನ ಹೊಲಕ್ಕೆ ವಾಪಸಾಯಿತು. ಜೊತೆಗೆ ಬಂದಿದ್ದ ಹಿರಿಯರು ಖಣಿಗೆ ತಾಗಿದ ಹೊಲದ ಯಜಮಾನರು. ಪರದೆಯ ಮೇಲೆ ಬಗ್ಗಿ ನೋಡಿ, “ಇದಕ್ಕೂ ಗೊತ್ತಾಗುವುದಿಲ್ಲವೇನು ಸಾಹೇಬರೆ?” ಎಂದರು. ಕೆಳಗೆ ಮಳೆನೀರು ತುಂಬಿ ಹಸಿರುಗಟ್ಟಿತ್ತು. ಅದರೊಳಗೆ ತಮ್ಮ ಎರಡು ಗುಂಟೆ ಹೊಲವಿದೆ ಎನ್ನುವುದು ಅವರ ವಾದ. ಇಲ್ಲ ಎನ್ನುವುದು ಖಣಿಯವರ ವಾದ. ಇಬ್ಬರ ಕೈಯಲ್ಲೂ ಕಾಗದವಿದೆ.

ಸಣ್ಣ ಗಣಿಗಾರಿಕೆಯ ಮೇಲೆ ಉಪಗ್ರಹ, ಡ್ರೋನ್, ಮೊಬೈಲ್ ಆ್ಯಪ್ ಮೂಲಕ ನಿಗಾ ಇಡಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಮಾತಿನಲ್ಲಿ ಹುರುಳಿದೆ. ಗುಂಡಿ ಎಲ್ಲಿ ಬಿದ್ದಿದೆ, ಯಾವ ಕಡೆಗೆ ಹಿಗ್ಗುತ್ತಿದೆ ಎಂದು ತಿಳಿಯುವ ಖರ್ಚು ಹಿಂದೆಂದೂ ಇಷ್ಟು ಇಳಿದಿರಲಿಲ್ಲ. ಆದರೆ ಅಕ್ರಮ ಎಂಬುದು ಗುಂಡಿಯಲ್ಲಿ ಬರೆದಿರುವುದಿಲ್ಲ. ಗುಂಡಿಯ ನಕ್ಷೆಯನ್ನು ಪರವಾನಗಿಯ ನಕ್ಷೆಯ ಮೇಲಿಟ್ಟಾಗ ಮಾತ್ರ ಅದು ಕಾಣುತ್ತದೆ. ಮೊದಲನೆಯ ನಕ್ಷೆ ಆಕಾಶದಿಂದ ಪುಕ್ಕಟೆ ಬರುತ್ತಿದೆ. ಎರಡನೆಯದು ಎಷ್ಟೋ ಕಡೆ ಇನ್ನೂ ಕೈಯಲ್ಲಿ ಬರೆದ ರೇಖಾಚಿತ್ರವಾಗಿ ಫೈಲಿನೊಳಗಿದೆ. ನನ್ನ ತಕರಾರು ಇರುವುದು ಇಷ್ಟಕ್ಕೇ: ಹಣ ಮತ್ತು ಗಮನ ಎರಡೂ ಮೊದಲನೆಯದರ ಕಡೆಗೇ ಹರಿಯುತ್ತಿವೆ.

ಬಾಗಲಕೋಟೆ ಜಿಲ್ಲೆಯಲ್ಲಿ ನೆಲದ ಬಣ್ಣ ತಾಲ್ಲೂಕಿಗೊಂದು. ಇಳಕಲ್, ಹುನಗುಂದದ ಕಡೆ ಕೆಂಪು ಮತ್ತು ಗುಲಾಬಿ ಗ್ರಾನೈಟ್. ಬಾದಾಮಿ, ಗುಳೇದಗುಡ್ಡದ ಕಡೆ ಮರಳುಗಲ್ಲು. ಮುಧೋಳ, ಲೋಕಾಪುರ, ಕಲಾದಗಿಯ ಸುತ್ತ ಸುಣ್ಣದಕಲ್ಲು, ಡಾಲೊಮೈಟ್. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪಾತ್ರದಲ್ಲಿ ಉಸುಕು. ಇವುಗಳ ಜೊತೆಗೆ ರಸ್ತೆ ಕಾಮಗಾರಿಗೆ ಗರಸು, ಇಟ್ಟಿಗೆ ಭಟ್ಟಿಗೆ ಮಣ್ಣು, ಖಡಿ ಮಷಿನ್ನಿಗೆ ಕಲ್ಲು. ಸುಣ್ಣದಕಲ್ಲನ್ನು ಬಿಟ್ಟರೆ ಇವೆಲ್ಲ ಕಾನೂನಿನ ಭಾಷೆಯಲ್ಲಿ ಉಪಖನಿಜಗಳು. ಡಾಲೊಮೈಟ್ ಈ ಪಟ್ಟಿಗೆ ಬಂದದ್ದು 2015ರಲ್ಲಿ, ಕೇಂದ್ರ ಸರ್ಕಾರ ಒಟ್ಟಿಗೆ 31 ಖನಿಜಗಳನ್ನು ಉಪಖನಿಜ ಎಂದು ಘೋಷಿಸಿದಾಗ. 1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಮು ಉಪಖನಿಜಗಳಿಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ನಮ್ಮಲ್ಲಿ ಅದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ರೂಪದಲ್ಲಿದೆ.

‘ಉಪ’ ಎಂಬ ಎರಡಕ್ಷರ ಬಹಳ ವರ್ಷ ಉಪೇಕ್ಷೆಗೂ ದಾರಿಯಾಯಿತು. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೆ ಪರಿಸರ ಅನುಮತಿಯೇ ಬೇಡ ಎಂಬ ಪರಿಸ್ಥಿತಿ 2012ರವರೆಗೂ ಇತ್ತು. ದೊಡ್ಡ ಜಾಗವನ್ನು ನಾಲ್ಕೂವರೆ ಹೆಕ್ಟೇರಿನ ತುಂಡುಗಳಾಗಿ ಮಾಡಿಕೊಂಡರೆ ಕೇಳುವವರಿರಲಿಲ್ಲ. ಆ ವರ್ಷದ ಫೆಬ್ರುವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಿಂಡಿಯನ್ನು ಮುಚ್ಚಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಉಪಗ್ರಹ ಆಧಾರಿತ ಗಣಿ ನಿಗಾ ವ್ಯವಸ್ಥೆಯನ್ನು ಶುರುಮಾಡಿತು. ಗುತ್ತಿಗೆಯ ಗಡಿಯಿಂದ ಹೊರಗೆ 500 ಮೀಟರಿನೊಳಗೆ ನೆಲದ ರೂಪ ಅಸಹಜವಾಗಿ ಬದಲಾದರೆ ವ್ಯವಸ್ಥೆ ಎಚ್ಚರಿಸುತ್ತದೆ. ಅಧಿಕಾರಿ ಸ್ಥಳಕ್ಕೆ ಹೋಗಿ ಮೊಬೈಲ್ ಆ್ಯಪಿನಲ್ಲಿ ವರದಿ ಹಾಕಬೇಕು. ಆದರೆ ಅದು ಮೊದಲು ಕಣ್ಣಿಟ್ಟದ್ದು ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳ ಮೇಲೆ. ಎರಡು ಎಕರೆಯ ಕಲ್ಲಿನ ಖಣಿ, ಅರ್ಧ ಎಕರೆಯ ಗರಸಿನ ಗುಂಡಿಗಳ ಲೆಕ್ಕವೇ ಬೇರೆ.

ಎಷ್ಟು ಬೇರೆ ಎಂಬುದಕ್ಕೆ ಒಂದು ಅಳತೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಉಚಿತ. ಐದು ದಿನಕ್ಕೊಮ್ಮೆ ನಮ್ಮ ನೆಲದ ಮೇಲೆ ಹಾದುಹೋಗುತ್ತವೆ. ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಮ್ಮ ಭೂಮಾಪನದ ಸರಪಳಿ 33 ಅಡಿ, ಅಂದರೆ ಹತ್ತು ಮೀಟರಿಗೆ ಒಂದು ಗೇಣೂ ಹೆಚ್ಚಿಲ್ಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲಕ್ಕೆ ನಾವು ಗುಂಟೆ ಎನ್ನುತ್ತೇವೆ. ಹಾಗಾಗಿ ಆಕಾಶದಿಂದ ಬರುವ ಒಂದು ಚುಕ್ಕೆ ನಮ್ಮ ಪಹಣಿಯ ಒಂದು ಗುಂಟೆ. ಬ್ರಿಟಿಷರ ಕಾಲದ ಸರಪಳಿಗೂ ಇಂದಿನ ಉಪಗ್ರಹಕ್ಕೂ ಆದ ಈ ಬೀಗತನ ನನಗೆ ಬಲು ಇಷ್ಟ.

ಆದರೆ ಒಂದು ಚುಕ್ಕೆಗೆ ಒಂದೇ ಬಣ್ಣ. ಗುಂಟೆಯ ಅರ್ಧ ಖಣಿ, ಅರ್ಧ ಜೋಳವಾದರೆ ಎರಡೂ ಕಲಸಿ ಬೂದು ಕಾಣುತ್ತದೆ. ಹಿರಿಯರ ಎರಡು ಗುಂಟೆಯ ತಗಾದೆ ಇಡೀ ಚಿತ್ರದಲ್ಲಿ ಎರಡು ಚುಕ್ಕೆ, ಅವೂ ಅಂಚಿನವು. ಹತ್ತು ಎಕರೆಯಲ್ಲಿ ಹೊಸ ಖಣಿ ಎದ್ದರೆ ಈ ಉಪಗ್ರಹ ಹಿಡಿಯುತ್ತದೆ. ವರ್ಷಕ್ಕೆ ಅರ್ಧ ಸರಪಳಿಯಷ್ಟು ಬದುವಿನ ಕಡೆ ಸರಿಯುವ ಖಣಿಯನ್ನು ಹಿಡಿಯಲಾರದು. ನಮ್ಮ ಕಡೆಯ ಜಗಳಗಳಲ್ಲಿ ಬಹುಪಾಲು ಎರಡನೆಯ ಬಗೆಯವು.

ಆಗ ಮೊಬೈಲ್ ನೆನಪಾಗುತ್ತದೆ. ಅದಂತೂ ಅಲ್ಲೇ ನಿಂತು ಅಳೆಯುತ್ತದಲ್ಲ! ಬಯಲಿನಲ್ಲಿ, ಮೇಲೆ ಮರ, ಮುಂದೆ ಗೋಡೆ ಇಲ್ಲದಿದ್ದಾಗ ಸಾಮಾನ್ಯ ಮೊಬೈಲಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ಸರಿ ಇರುತ್ತದೆ. ನೆಟ್ಟಗೆ ಕತ್ತರಿಸಿದ ಕಲ್ಲಿನ ಗೋಡೆಯ ಕೆಳಗೆ ನಿಂತರೆ ಸಂಕೇತಗಳು ಕಲ್ಲಿಗೆ ಬಡಿದು ಬರುತ್ತವೆ, ತಪ್ಪು ಇನ್ನೂ ಹೆಚ್ಚುತ್ತದೆ. ಐದು ಮೀಟರ್ ಏನು ಮಹಾ ಎನ್ನಬೇಡಿ. ಒಂದು ಎಕರೆಯ ಚೌಕದ ನಾಲ್ಕೂ ಬದಿ ಐದೈದು ಮೀಟರ್ ಹೊರಗೆ ಬಿದ್ದರೆ ನಲವತ್ತು ಗುಂಟೆಯ ಖಣಿ ಐವತ್ತಮೂರು ದಾಟುತ್ತದೆ. ಒಳಗೆ ಬಿದ್ದರೆ ಇಪ್ಪತ್ತೆಂಟಕ್ಕೆ ಇಳಿಯುತ್ತದೆ. ದಂಡ ಹಾಕುವವನಿಗೂ ತಪ್ಪಿಸಿಕೊಳ್ಳುವವನಿಗೂ ಇಷ್ಟು ಸಡಿಲ ಸಾಕು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ನಿಂತ ನೆಲದ ಸರ್ವೆ ನಂಬರನ್ನು ಅಂದಾಜಾಗಿ ತಿಳಿಯಲು ಇರುವ ಸಾಧನ. ಅದನ್ನೇ ಹದ್ದುಬಸ್ತು, ಅಂದರೆ ಗಡಿಯ ಅಧಿಕೃತ ಅಳತೆ, ಎಂದು ತಿಳಿದು ಬದುವಿನ ಮೇಲೆ ಜಗಳಕ್ಕೆ ಬೀಳುವವರನ್ನು ಹಳ್ಳಿಗಳಲ್ಲಿ ಕಂಡಿದ್ದೇನೆ. ತಪ್ಪು ಆ್ಯಪಿನದಲ್ಲ.

ಹಾಗಾದರೆ ಮೊಬೈಲ್ ಯಾವುದಕ್ಕೆ? ಸಾಕ್ಷಿಗೆ. ಅಳತೆಗಿಂತ ಅದು ಅಲ್ಲಿ ಹೆಚ್ಚು ಉಪಯೋಗಿ. ಕಾಂಗೋದ ಪೂರ್ವ ಭಾಗದಲ್ಲಿ ಬೆಲ್ಜಿಯಂ ಮೂಲದ ಐಪಿಐಎಸ್ ಎಂಬ ಸಂಶೋಧನಾ ಸಂಸ್ಥೆ 2009ರಿಂದ ಕೈಗಣಿಗಳ ನಕ್ಷೆ ಮಾಡುತ್ತಿದೆ. ಸ್ಥಳೀಯ ಸಮೀಕ್ಷಕರು ಗಣಿಯಿಂದ ಗಣಿಗೆ ಹೋಗಿ ಸ್ಥಳದ ಜೊತೆಗೆ ಎಷ್ಟು ಜನ ದುಡಿಯುತ್ತಾರೆ, ಯಾವ ಅದಿರು ತೆಗೆಯುತ್ತಾರೆ, ದಾರಿಯಲ್ಲಿ ಬಂದೂಕು ಹಿಡಿದು ಸುಂಕ ವಸೂಲು ಮಾಡುವವರು ಯಾರು ಎಂಬುದನ್ನೂ ದಾಖಲಿಸುತ್ತಾರೆ. ಅಲ್ಲಿ ಐದು ಮೀಟರಿನ ತಪ್ಪು ತಪ್ಪೇ ಅಲ್ಲ; ಕಾಡಿನ ನಡುವೆ ಗಣಿ ಇದೆ ಎಂಬುದೇ ಸುದ್ದಿ. ವಿಶ್ವಬ್ಯಾಂಕಿನ ಅಂದಾಜಿನ ಪ್ರಕಾರ ಜಗತ್ತಿನ 80 ದೇಶಗಳಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ಇಂಥ ಸಣ್ಣ ಗಣಿಗಳಲ್ಲಿ ದುಡಿಯುತ್ತಾರೆ. ಅವರಲ್ಲಿ ಹಲವರು ಯಾವ ಕಾಗದದಲ್ಲೂ ಇಲ್ಲದವರು. ನಮ್ಮ ತೊಡಕು ತಿರುವುಮುರುವು. ಇಲ್ಲಿ ಖಣಿ ಎಲ್ಲಿದೆ ಎಂದು ಊರಿನ ಕುರಿ ಕಾಯುವ ಹುಡುಗನಿಗೂ ಗೊತ್ತು. ಕಾಗದವೂ ಬೇಕಾದಷ್ಟಿದೆ. ಕಾಗದ ಮತ್ತು ನೆಲ ಒಂದಕ್ಕೊಂದು ಹೊಂದುವುದಿಲ್ಲ. ಕಾಂಗೋದ ಕೆಲಸದಿಂದ ಕಲಿಯಬೇಕಾದದ್ದು ಅವರ ಪ್ರಶ್ನೆಗಳನ್ನು. ಸ್ಫೋಟ ಎಷ್ಟು ಗಂಟೆಗೆ, ಟಿಪ್ಪರ್ ಯಾವ ಕಡೆ ಹೋಗುತ್ತದೆ, ಬಾವಿಯ ನೀರು ಇಳಿದಿದೆಯೇ, ಶಾಲೆಯ ಗೋಡೆ ಬಿರುಕು ಬಿಟ್ಟಿದೆಯೇ: ಉಪಗ್ರಹಕ್ಕೆ ಕಾಣದ ಇವುಗಳನ್ನು ಮೊಬೈಲ್ ಹಿಡಿದ ಮನುಷ್ಯ ದಿನಾಂಕ ಸಹಿತ ಬರೆದಿಡಬಲ್ಲ.

ಗಡಿಯ ವಿಷಯಕ್ಕೆ ಬರೋಣ. ಪರಿಚಯದ ಭೂಮಾಪಕರೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಮೊದಲು ಬಾಂದುಕಲ್ಲು ತೋರಿಸಿ, ಆಮೇಲೆ ಯಂತ್ರ ಇಡುತ್ತೇನೆ.” ಹಳೆಯ ಅಳತೆ ನಿಂತಿರುವುದು ಹೊಲದ ಗಡಿಗೆ ನೆಟ್ಟ ಈ ಕಲ್ಲಿನಿಂದ ಕಲ್ಲಿಗೆ. ಸರ್ವೆ ಟಿಪ್ಪಣಿಯಲ್ಲಿ ಇಂಥ ಕಲ್ಲಿನಿಂದ ಇಷ್ಟು ಸರಪಳಿ, ಇಷ್ಟು ಆಣೆ (ಸರಪಳಿಯ ಹದಿನಾರನೇ ಒಂದು ಭಾಗ) ಎಂದಿರುತ್ತದೆ. ಅಕ್ಷಾಂಶ, ರೇಖಾಂಶ ಇರುವುದಿಲ್ಲ. ಕಲ್ಲು ಸಿಕ್ಕರೆ ಉಳಿದದ್ದೆಲ್ಲ ಸಿಗುತ್ತದೆ. ಕಲ್ಲೇ ಇಲ್ಲದಿದ್ದರೆ ಎರಡು ಹೊಲ ದಾಟಿ ಇನ್ನೊಂದು ಕಲ್ಲು ಹುಡುಕಬೇಕು.

ಅಕ್ಷಾಂಶ, ರೇಖಾಂಶ ಬರೆದಿರುವ ಹಳೆಯ ಗುತ್ತಿಗೆಗಳಲ್ಲಿ ಇನ್ನೊಂದು ಮೋಸ ಅಡಗಿರಬಹುದು. ಭಾರತದ ಹಳೆಯ ಭೂಪಟಗಳು ಎವರೆಸ್ಟ್ ಎಂಬ ಗೋಳದ ಲೆಕ್ಕದಲ್ಲಿದ್ದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಲೆಕ್ಕವನ್ನು. ಹಳೆಯ ಭೂಪಟದಿಂದ ಓದಿದ ಅಂಕಿಯನ್ನು ಪರಿವರ್ತಿಸದೆ ಮೊಬೈಲಿಗೆ ಹಾಕಿದರೆ ನಮ್ಮ ಭಾಗದಲ್ಲಿ ಜಾಗ ನೂರು ಮೀಟರಿಗಿಂತಲೂ ಹೆಚ್ಚು ಸರಿಯುತ್ತದೆ. ಹತ್ತು ಸರಪಳಿ! ಇಡೀ ಖಣಿ ಪಕ್ಕದವರ ಹೊಲದಲ್ಲೋ ಅರಣ್ಯದಲ್ಲೋ ಇರುವಂತೆ ತೋರಬಹುದು. ತಪ್ಪಿತಸ್ಥ ಯಾರೂ ಇಲ್ಲದೆಯೇ ಒಂದು ಅಕ್ರಮ ಹುಟ್ಟಿಕೊಳ್ಳುತ್ತದೆ. ನಿಜವಾದ ಅಕ್ರಮಕ್ಕೆ ‘ಸರ್ವೆ ತಪ್ಪು’ ಎಂಬ ನೆಪವೂ ಹುಟ್ಟಿಕೊಳ್ಳುತ್ತದೆ.

ಇದು ಎಷ್ಟು ದೊಡ್ಡ ಮಾತು ಎಂಬುದನ್ನು ಬಳ್ಳಾರಿಯ ಅಕ್ರಮ ಗಣಿಗಾರಿಕೆ ಪ್ರಕರಣ ತೋರಿಸಿಕೊಟ್ಟಿದೆ. 2011ರಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದ ವರ್ಷವೇ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ನಡೆಯುವಾಗ ಮೊದಲು ಆದ ಕೆಲಸಗಳಲ್ಲಿ ಒಂದು ಗುತ್ತಿಗೆಗಳ ಗಡಿಯನ್ನು ಹೊಸದಾಗಿ ಅಳೆದದ್ದು. ಜಂಟಿ ತಂಡಗಳು ನಿಖರ ಜಿಪಿಎಸ್ ಉಪಕರಣಗಳಿಂದ ಗಡಿ ಗೊತ್ತುಮಾಡಿದ ಮೇಲೆಯೇ ಒತ್ತುವರಿಯ ಪ್ರಮಾಣ ನೋಡಿ ಗಣಿಗಳನ್ನು ‘ಎ’, ‘ಬಿ’, ‘ಸಿ’ ಎಂದು ವಿಂಗಡಿಸಲು ಸಾಧ್ಯವಾಯಿತು. 2013ರ ಏಪ್ರಿಲಿನ ತೀರ್ಪು ಆ ವಿಂಗಡಣೆಯನ್ನು ಒಪ್ಪಿತು. ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಅಷ್ಟು ಗದ್ದಲದ ನಡುವೆ ಇಡೀ ಕಟ್ಟಡ ನಿಂತದ್ದು ಅಳತೆಯ ಗೆರೆಯ ಮೇಲೆ. ಆದರೆ ಅದು ಸಾವಿರಾರು ಕೋಟಿಯ ಅದಿರಿನ ಕತೆ, ಮೇಲೆ ಸುಪ್ರೀಂ ಕೋರ್ಟಿನ ಕಣ್ಣು. ಇಳಕಲ್ಲಿನ ಎರಡು ಎಕರೆಯ ಖಣಿಗೆ ಅಂಥ ಭಾಗ್ಯ ಎಲ್ಲಿಂದ ಬರಬೇಕು?

ಬರುವ ದಾರಿ ಈಗ ಇದೆ. ಭಾರತೀಯ ಸರ್ವೇಕ್ಷಣ ಇಲಾಖೆ ರಾಜ್ಯದಲ್ಲಿ ಸ್ಥಾಪಿಸಿರುವ ಕಾರ್ಸ್ ನಿಲ್ದಾಣಗಳ ಜಾಲ ಉಪಗ್ರಹ ಸಂಕೇತದ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದಿ ಕಳುಹಿಸುತ್ತದೆ. ಅದಕ್ಕೆ ಜೋಡಿಸಿದ ರೋವರ್ ಕೋಲು ಹಿಡಿದು ನಿಂತರೆ ಐದು ಮೀಟರಿನ ತಪ್ಪು ಕೆಲವು ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಸಣ್ಣ ಖಣಿಯ ಮೂಲೆಗಳನ್ನು ಗುರುತಿಸಲು ಒಂದು ಹಗಲು ಸಾಕು. ಹಾಗೆ ಅಳೆದ ಗೆರೆಯನ್ನು ಯಾರು ಬೇಕಾದರೂ ನೋಡುವಂತೆ, ಸರ್ವೆ ನಂಬರ್ ತೋರಿಸುವ ಪರದೆಯಲ್ಲೇ, ಗುತ್ತಿಗೆದಾರನ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕದೊಡನೆ ಕನ್ನಡದಲ್ಲಿ ಹಾಕಬೇಕು. ಡ್ರೋನ್ ಖರೀದಿಯ ಟೆಂಡರಿಗಿಂತ ಮೊದಲು ಆಗಬೇಕಾದ ಕೆಲಸ ಇದೇ ಎಂಬುದು ನನ್ನ ಹಟ.

ಡ್ರೋನ್ ಬೇಡ ಎನ್ನುತ್ತಿಲ್ಲ. ಆಳ ಅಳೆಯಲು ಅದು ಬೇಕು. ಗುತ್ತಿಗೆಯ ಗಡಿಯೊಳಗೇ ಇದ್ದು, ಪರವಾನಗಿಗಿಂತ ಹೆಚ್ಚು ಕಲ್ಲು ತೆಗೆದು, ಕಡಿಮೆಗೆ ರಾಜಧನ (ರಾಯಲ್ಟಿ) ಕಟ್ಟುವುದು ಗಡಿ ನೋಡುವ ಯಾವ ನಕ್ಷೆಗೂ ಸಿಗುವುದಿಲ್ಲ. ಡ್ರೋನ್ ನೂರಾರು ಚಿತ್ರ ತೆಗೆದು ಗುಂಡಿಯ ಮೂರು ಆಯಾಮದ ರೂಪ ಕಟ್ಟುತ್ತದೆ. ಕಳೆದ ವರ್ಷದ ರೂಪದಿಂದ ಈ ವರ್ಷದ್ದನ್ನು ಕಳೆದರೆ ತೆಗೆದ ಘನ ಅಳತೆ ಬರುತ್ತದೆ. ಎರಡು ಎಚ್ಚರಿಕೆ ಬೇಕು. ಒಂದು ಎಕರೆಯ ಖಣಿಯ ತಳದಲ್ಲಿ ಎತ್ತರದ ಲೆಕ್ಕ ಬರೀ 20 ಸೆಂಟಿಮೀಟರ್ ತಪ್ಪಿದರೂ ಸುಮಾರು 800 ಘನ ಮೀಟರ್ ವ್ಯತ್ಯಾಸ. ಗ್ರಾನೈಟಿನ ತೂಕದಲ್ಲಿ ಎರಡು ಸಾವಿರ ಟನ್ನಿಗೂ ಮಿಕ್ಕು. ಟಿಪ್ಪರಿಗೆ 16 ಟನ್ ಹಿಡಿದರೆ 130 ಟ್ರಿಪ್ಪು. ಇನ್ನೊಂದು, ಇಳಕಲ್ ಗ್ರಾನೈಟಿನಂಥ ಅಲಂಕಾರಿಕ ಕಲ್ಲಿನಲ್ಲಿ ಒಡೆದದ್ದೆಲ್ಲ ಮಾರಾಟವಾಗುವುದಿಲ್ಲ. ಸೀಳಿದ್ದು, ಬಣ್ಣ ಕೆಟ್ಟದ್ದು, ಮೂಲೆ ಮುರಿದದ್ದು ಖಣಿಯ ಪಕ್ಕದಲ್ಲೇ ಗುಡ್ಡವಾಗಿ ಬಿದ್ದಿರುತ್ತದೆ. ಗುಂಡಿಯ ಗಾತ್ರವನ್ನು ಮಾತ್ರ ಅಳೆದು, ಗುಡ್ಡವನ್ನು ಅಳೆಯದೆ, ಅಷ್ಟಕ್ಕೂ ರಾಜಧನ ಕೇಳಿದರೆ ಖಣಿಯವರು ಕೋರ್ಟಿಗೆ ಹೋಗುತ್ತಾರೆ. ಹೋದರೆ ಅದು ನ್ಯಾಯವೇ. ಅದಕ್ಕಿಂತ ದೊಡ್ಡ ತೊಡಕು, ಮೊದಲ ವರ್ಷದ ರೂಪವೇ ಇಲ್ಲದಿರುವುದು. ಮೂವತ್ತು ವರ್ಷದ ಗುಂಡಿಯನ್ನು ಇಂದು ಮೊದಲ ಸಲ ಅಳೆದರೆ ಅದರಲ್ಲಿ ತಂದೆ ತೆಗೆದದ್ದೆಷ್ಟು, ಮಗ ತೆಗೆದದ್ದೆಷ್ಟು ಎಂದು ಯಾವ ಡ್ರೋನೂ ಹೇಳದು. ಇಂದಿನ ಅಳತೆಗೆ ಬೆಲೆ ಬರುವುದು ಮುಂದಿನ ವರ್ಷ.

ಉಸುಕಿಗೆ ಈ ಲೆಕ್ಕವೂ ನಡೆಯುವುದಿಲ್ಲ. ಕಲ್ಲಿನ ಗುಂಡಿ ಹಾಗೇ ಉಳಿಯುತ್ತದೆ, ನದಿಯ ಗುಂಡಿಯನ್ನು ಮುಂದಿನ ಪ್ರವಾಹ ಮುಚ್ಚುತ್ತದೆ. ಆಲಮಟ್ಟಿ ಜಲಾಶಯ ತುಂಬಿ 519.60 ಮೀಟರಿಗೆ ಬಂದಾಗ ಹಿನ್ನೀರು ಘಟಪ್ರಭೆಯೊಳಗೆ ಬಾಗಲಕೋಟೆಯವರೆಗೆ ಏರುತ್ತದೆ, ಕೆಳಗೆ ಏನು ನಡೆದಿತ್ತು ಎಂಬುದು ತಿಂಗಳುಗಟ್ಟಲೆ ನೀರಿನ ಹಾಳೆಯಡಿ. ಕೆಲಸ ನಡೆಯುವುದು ರಾತ್ರಿ, ಚಿತ್ರ ಬರುವುದು ಹಗಲು. ಕೇಂದ್ರ ಪರಿಸರ ಸಚಿವಾಲಯದ 2020ರ ಮರಳು ಮಾರ್ಗಸೂಚಿ ರಾತ್ರಿ ಕಾಣುವ ಡ್ರೋನುಗಳ ಸಲಹೆ ಕೊಟ್ಟಿದೆ. ನನಗೆ ಅದಕ್ಕಿಂತ ಲಾರಿಯ ಜಾಡು ಮೇಲೆನಿಸುತ್ತದೆ. ನದಿಯಲ್ಲಿ ಉಸುಕು ಎಷ್ಟಿತ್ತು ಎಂಬುದಕ್ಕಿಂತ ರಸ್ತೆಯ ಮೇಲೆ ಎಷ್ಟು ಹೋಯಿತು ಎಂದು ಎಣಿಸುವುದು ಸುಲಭ. ಟ್ರಿಪ್ ಶೀಟಿನ, ಅಂದರೆ ಸಾಗಣೆ ಚೀಟಿಯ, ಸಮಯ ಮತ್ತು ಲಾರಿಯ ಜಿಪಿಎಸ್ ಜಾಡು ಹೊಂದದಿದ್ದರೆ ಒಂದೇ ಚೀಟಿಯಲ್ಲಿ ಲಾರಿ ಎಷ್ಟು ಸಲ ಹೋಯಿತು ಎಂದು ಕಂಪ್ಯೂಟರೇ ಹೇಳುತ್ತದೆ. ಟ್ರ್ಯಾಕ್ಟರುಗಳಲ್ಲಿ ಹೋಗುವ ಉಸುಕಿಗೆ ಇದೂ ಸೋಲುತ್ತದೆ, ಒಪ್ಪುತ್ತೇನೆ.

ಜಿಲ್ಲೆಯಲ್ಲಿ ಮೊಬೈಲ್ ನಕ್ಷೆ ನಾಳೆಯೇ ಕೆಲಸ ಮಾಡಬಲ್ಲ ಜಾಗಗಳೂ ಇವೆ. ಅಂಗುಲ ಅಂಗುಲದ ಗಡಿ ಬೇಡದ, ದೂರ ಮಾತ್ರ ಮುಖ್ಯವಾದ ಜಾಗಗಳು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸುತ್ತಲಿನ ಬೆಟ್ಟಗಳಲ್ಲಿ ಗುಡಿಗಳಷ್ಟೇ ಅಲ್ಲ, ಬೃಹತ್ ಶಿಲಾಯುಗದ ಸಮಾಧಿಗಳೂ ಬಣ್ಣದ ಚಿತ್ರಗಳಿರುವ ಬಂಡೆಗಳೂ ಇವೆ; ಅವುಗಳಲ್ಲಿ ಎಷ್ಟೋ ಯಾವ ಫಲಕವೂ ಇಲ್ಲದೆ ನಿಂತಿವೆ. ಪಟ್ಟದಕಲ್ಲಿನ ಸಮೀಪ ಚಾಲುಕ್ಯರ ಕಾಲದ ಕಲ್ಲು ಗಣಿಯೇ ಉಳಿದುಕೊಂಡಿದೆ, ಕಲ್ಲುಕುಟಿಗರು ಬಂಡೆಯ ಮೇಲೆ ಕೆತ್ತಿದ ಹೆಸರುಗಳೊಂದಿಗೆ. ಕಲ್ಲು ತೆಗೆದವನು ಅಲ್ಲೇ ಹೆಸರು ಬರೆದಿಟ್ಟು ಹೋದ ಕಾಲವದು! ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಧಾಮ 2016ರಲ್ಲಿ ಘೋಷಣೆಯಾದದ್ದು. ಅದರ ಅಂಚಿನಲ್ಲೂ ಹೀಗೆಯೇ: ಗರಸಿನ ಹೊಸ ಗುಂಡಿ ಕಂಡರೆ ಒಂದು ಚಿತ್ರ, ಒಂದು ಸ್ಥಳಗುರುತು ಸಾಕು. ಐದು ಮೀಟರ್ ಆಚೀಚೆಯಾದರೂ ಉತ್ತರ ಬದಲಾಗದು.

ಚಿತ್ರ ಕೋರ್ಟಿನಲ್ಲಿ ನಿಲ್ಲಬೇಕಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಕಡತವನ್ನು ಆಮೇಲೆ ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ವಾಟ್ಸ್ಆ್ಯಪಿನಲ್ಲಿ ಹತ್ತು ಕೈ ದಾಟಿ ಬಂದ ಫೋಟೊ, ಮೂಲೆಯಲ್ಲಿ ಅಕ್ಷಾಂಶ ಮುದ್ರೆ ಇದ್ದರೂ, ವಕೀಲರ ಮುಂದೆ ಐದು ನಿಮಿಷ ನಿಲ್ಲುವುದಿಲ್ಲ. ಫೋನಿಗೆ ಸುಳ್ಳು ಸ್ಥಳ ಹೇಳಿಕೊಡುವ ಆ್ಯಪುಗಳು ಹೈಸ್ಕೂಲು ಹುಡುಗರಿಗೂ ಗೊತ್ತು. ಆದುದರಿಂದ ಇಲಾಖೆಯ ಆ್ಯಪು ಗ್ಯಾಲರಿಯ ಚಿತ್ರವನ್ನು ಸ್ವೀಕರಿಸದೆ ತಾನೇ ಕ್ಯಾಮೆರಾ ತೆರೆಯಬೇಕು, ತೆಗೆದ ಕ್ಷಣದಲ್ಲೇ ಹ್ಯಾಶ್ ಮಾಡಬೇಕು. ದೂರು ಕೊಟ್ಟವರ ಹೆಸರು, ನಂಬರು ತಾಲ್ಲೂಕು ಮಟ್ಟದಲ್ಲಿ ಯಾರಿಗೂ ಕಾಣಬಾರದು. ಟಿಪ್ಪರಿನ ಫೋಟೊ ತೆಗೆದವನ ಮನೆ ಬಾಗಿಲಿಗೆ ಸಂಜೆಯೊಳಗೆ ಯಾರೋ ಬಂದು ನಿಲ್ಲುವುದಾದರೆ ಮರುದಿನದಿಂದ ಆ ಊರಲ್ಲಿ ಒಬ್ಬರ ಮೊಬೈಲಿನಲ್ಲೂ ಕ್ಯಾಮೆರಾ ಇರುವುದಿಲ್ಲ.

ಒಂದು ಅಳುಕೂ ಇದೆ. ನಿಗಾ ಯಂತ್ರಕ್ಕೆ ಮೊದಲು ಸಿಗುವವರು ರಸ್ತೆ ಬದಿಯಲ್ಲಿ, ಬಟಾಬಯಲಿನಲ್ಲಿ, ಸುತ್ತಿಗೆ ಉಳಿ ಹಿಡಿದು ಕಲ್ಲು ಒಡೆಯುವವರು. ತಲೆತಲಾಂತರದಿಂದ ಅದೇ ಕಸುಬಿನ ಭೋವಿ ಕುಟುಂಬಗಳಿವೆ. ಗುತ್ತಿಗೆಯ ಕಾಗದ ಮಾಡಿಸುವ ಓಡಾಟ, ಖರ್ಚು ಅವರ ಕೈಗೆ ಎಟುಕುವಂಥದ್ದಲ್ಲ. ಆ್ಯಪಿನ ನಕ್ಷೆಯಲ್ಲಿ ಅವರೂ ಕೆಂಪು ಚುಕ್ಕೆ, ಹಿಟಾಚಿ ಇಳಿಸಿ ನಲವತ್ತು ಅಡಿ ಅಗೆದವರೂ ಕೆಂಪು ಚುಕ್ಕೆ. ತಿಂಗಳ ಕೊನೆಗೆ ಎಷ್ಟು ಪ್ರಕರಣ ಎಂಬ ಲೆಕ್ಕ ಒಪ್ಪಿಸಬೇಕಾದಾಗ ಕೈ ಯಾವ ಚುಕ್ಕೆಯ ಕಡೆ ಹೋಗುತ್ತದೆ ಎಂದು ಊಹಿಸಲು ದೊಡ್ಡ ಬುದ್ಧಿ ಬೇಡ. ಎಷ್ಟು ಟನ್ ಎಂಬ ಅಂಕಿ ಚುಕ್ಕೆಯ ಜೊತೆಗೇ ಕಾಣುವಂತಿರಬೇಕು.

ಖಣಿಯ ಅಂಚಿನಲ್ಲಿ ನಾವು ಮತ್ತೆ ಸ್ವಲ್ಪ ಹೊತ್ತು ನಿಂತೆವು. ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೀರಾ ಎಂದು ಕೇಳಿದೆ. ಕೊಟ್ಟಿದ್ದರು, ಶುಲ್ಕದ ರಸೀದಿಯನ್ನು ಅಂಗಿಯ ಕಿಸೆಯಿಂದ ತೆಗೆದು ತೋರಿಸಿದರು. ಮಡಿಕೆಗಳಲ್ಲಿ ಹರಿದಿತ್ತು. ಅಳತೆಗೆ ಬಂದವರು ಬಾಂದುಕಲ್ಲು ಎಲ್ಲಿದೆ ಎಂದು ಕೇಳಿದ್ದರಂತೆ. ಎಲ್ಲಿತ್ತು ಎಂದು ನಾನೂ ಕೇಳಿದೆ. ಹಿರಿಯರು ಬದುವಿನ ಬೇವಿನ ಮರದಿಂದ ಕೈಯನ್ನು ನೇರ ಗೆರೆಯಲ್ಲಿ ಸರಿಸುತ್ತ ಬಂದು, ಹಸಿರು ನೀರಿನ ನಡುವೆ, ದಂಡೆಯಿಂದ ಒಂದು ಸರಪಳಿ ಒಳಗೆ ನಿಲ್ಲಿಸಿದರು.